ಸ್ಟೂಲಿನ ಮೇಲಿನ ಪುಸ್ತಕಗಳು ಯಾವಾಗ ಮುಗಿಯುತ್ತವೆ, ಸರ್?

ಪ್ರಶ್ನೆ: ನಮಸ್ಕಾರ ಸರ್. ನಾನು ಕಲಬುರಗಿಯಲ್ಲಿ ಸರ್ಕಾರಿ ನೌಕರಳು. ವಯಸ್ಸು 52. ನನ್ನ ಮಂಚದ ಪಕ್ಕದ ಸ್ಟೂಲಿನ ಮೇಲೆ ಓದಬೇಕೆಂದು ಇಟ್ಟ ಪುಸ್ತಕ ಈಗ 23 ಆಗಿವೆ. 2020ರಲ್ಲಿ ನಮ್ಮೂರಲ್ಲಿ ನಡೆದ ಸಾಹಿತ್ಯ ಸಮ್ಮೇಳನದಲ್ಲಿ ಕೊಂಡವೇ 9. ಗೆಳತಿಯದು ಒಂದು, ಲೈಬ್ರರಿಯವು ಎರಡು, ಮಗನ ಪರೀಕ್ಷೆಯ ಗೈಡುಗಳು, ತೀರಿಹೋದ ನಮ್ಮ ಮಾವನವರ ಒಂದು ಉರ್ದು ಪುಸ್ತಕ, ಎಲ್ಲ ಅದರಲ್ಲೇ ಇವೆ. ರಾತ್ರಿ ಓದಲು ಕೂತರೆ ಎರಡು ಪುಟಕ್ಕೆ ನಿದ್ದೆ ಬರುತ್ತದೆ. ನಮ್ಮ ಯಜಮಾನರು "ಇವು ಮುಗಿಯೋ ತನಕ ಹೊಸದು ತರಬೇಡ" ಅಂತಾರೆ. ಆ ಸ್ಟೂಲು ನೋಡಿದಾಗೆಲ್ಲ ಏನೋ ತಪ್ಪು ಮಾಡಿದ ಹಾಗೆ ಅನಿಸುತ್ತದೆ. ಈಗ ಬೆಳ್ಳಗಿನ ಹುಳ ಬೇರೆ ಓಡಾಡುತ್ತಿವೆ. ಡಾಂಬರ ಗುಳಿಗೆ ಇಡಲೇ? ಮಗಳು ಬಾಣಂತನಕ್ಕೆ ಬಂದಿದ್ದಾಳೆ, ಕೂಸು ಅದೇ ಕೋಣೆಯಲ್ಲಿ ಮಲಗುತ್ತದೆ.

ಉತ್ತರ: ನಮಸ್ಕಾರ ತಾಯಿ. ಕೊನೆಗೆ ಕೇಳಿದ್ದಕ್ಕೆ ಮೊದಲು ಹೇಳುತ್ತೇನೆ, ಯಾಕಂದ್ರೆ ಅದು ನಾಳೆಗೆ ಬಿಡುವ ವಿಷಯ ಅಲ್ಲ. ಡಾಂಬರ ಗುಳಿಗೆ ಇಡಲೇಬೇಡಿ. ಈಗಾಗಲೇ ಇಟ್ಟಿದ್ದರೆ ಇವತ್ತೇ ತೆಗೆಯಿರಿ. ಅದರಲ್ಲಿ ಸಾಮಾನ್ಯವಾಗಿ ಇರುವುದು ನ್ಯಾಫ್ತಲೀನ್. ಗುಳಿಗೆ ದಿನದಿಂದ ದಿನಕ್ಕೆ ಸಣ್ಣಗಾಗುತ್ತದಲ್ಲ, ಅದು ಎಲ್ಲಿಗೆ ಹೋಯಿತು? ಕೋಣೆಯ ಗಾಳಿಗೆ. ಅದನ್ನೇ ಕೂಸು ರಾತ್ರಿಯಿಡೀ ಉಸಿರಾಡುತ್ತದೆ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ6ಪಿಡಿ ಅನ್ನುವ ಕಿಣ್ವ ಕಡಿಮೆ ಇರುತ್ತದೆ. ಅಂಥ ಕೂಸಿಗೆ ನ್ಯಾಫ್ತಲೀನ್ ತಾಗಿದರೆ ರಕ್ತದ ಕೆಂಪು ಕಣ ಒಡೆದು ಕಾಮಾಲೆ ಏರಬಹುದು. ಯಾವ ಕೂಸಿಗೆ ಆ ಕೊರತೆ ಇದೆ ಅಂತ ಮುಖ ನೋಡಿ ಹೇಳಲು ಬರುವುದಿಲ್ಲ. ಟ್ರಂಕಿನಲ್ಲಿ ಗುಳಿಗೆ ಜೊತೆ ಇಟ್ಟಿದ್ದ ಹಳೇ ಮೆತ್ತನೆ ಸೀರೆಯನ್ನು ಹಾಗೇ ತೆಗೆದು ಕೂಸಿಗೆ ಸುತ್ತುವುದೂ ಬೇಡ. ಒಗೆದು, ಬಿಸಿಲಿಗೆ ಹಾಕಿ, ವಾಸನೆ ಪೂರ್ತಿ ಹೋದ ಮೇಲೆ ಬಳಸಿ.

ಹುಳದ ಮಾತು. ಬೆಳ್ಳಗೆ ಹೊಳೆಯುವ ಮೈ, ರೆಕ್ಕೆ ಇಲ್ಲ, ಬಾಲದ ಕಡೆ ಮೂರು ಎಳೆ, ಲೈಟ್ ಹಾಕಿದ ಕೂಡಲೇ ಸಂದಿಗೆ ಓಟ. ಹೌದಾದರೆ ಅದು ಸಿಲ್ವರ್‌ಫಿಶ್. ಕಾಗದ, ಬೈಂಡಿಂಗಿನ ಗಂಜಿ ಅಂಟು, ಧೂಳು ಎಲ್ಲ ತಿನ್ನುತ್ತದೆ. ಆದರೆ ಅದಕ್ಕೆ ತಿನಿಸಿಗಿಂತ ಜಾಸ್ತಿ ಬೇಕಾದ್ದು ತೇವ. 43 ಡಿಗ್ರಿ ಬಿಸಿಲಿನ ಕಲಬುರಗಿಯಲ್ಲಿ ತೇವ ಎಲ್ಲಿಂದ ಬಂತು ಅಂತ ಕೇಳಬಹುದು. ಕೂಲರ್‌ನಿಂದ. ಬೇಸಿಗೆ ಬಂದರೆ ನಮ್ಮೂರ ಮನೆಗಳಲ್ಲಿ ಕೂಲರ್ ಮುಖ ಮಂಚದ ಕಡೆಗೇ ಇರುತ್ತದೆ. ಸ್ಟೂಲು ಇರುವುದೂ ಅಲ್ಲೇ. ರಾತ್ರಿಯಿಡೀ ಪುಸ್ತಕಕ್ಕೆ ಹಸಿ ಗಾಳಿ, ಹಗಲು ಒಣ ಝಳ.

ನಂಬಿಕೆ ಬರದಿದ್ದರೆ ನಿಮ್ಮ ರಾಶಿಯ ಮೇಲಿನ ಪುಸ್ತಕ ನೋಡಿ. ರಟ್ಟು ಹೊರಗಡೆಗೆ ಸುರುಳಿಯಾಗಿ ಬಾಯಿ ತೆರೆದುಕೊಂಡಿರುತ್ತದೆ. ಈಗಿನ ರಕ್ಷಾಪುಟಗಳಿಗೆ ಹೊರಮೈಗೆ ಮಾತ್ರ ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಒಳಮೈ ಬರೀ ಕಾಗದ. ಕಾಗದ ತೇವ ಕುಡಿದು ಹಿಗ್ಗುತ್ತದೆ, ಪ್ಲಾಸ್ಟಿಕ್ ಹಿಗ್ಗುವುದಿಲ್ಲ. ಹಾಗಾಗಿ ರಟ್ಟು ಹೊರಕ್ಕೆ ಬಾಗುತ್ತದೆ. ಹಾಳೆಗಳ ಅಂಚು ಅಲೆ ಅಲೆಯಾಗಿದ್ದರೆ ಅದೂ ಇದೇ ಕಾರಣಕ್ಕೆ.

ಮಾಡಬೇಕಾದ್ದು ಇಷ್ಟು. ಪುಸ್ತಕಗಳನ್ನು ಆ ಕೋಣೆಯಿಂದಲೇ ಹೊರಗೆ ತನ್ನಿ. ಒಂದೊಂದನ್ನೂ ಒಣ ಬಟ್ಟೆಯಿಂದ ಒರೆಸಿ, ಬೆನ್ನಿನ ಕಡೆ ಮೆಲ್ಲಗೆ ತಟ್ಟಿ, ನೆರಳಿನಲ್ಲಿ ಗಾಳಿಗೆ ಇಡಿ. ಬಿಸಿಲಿಗೆ ಹಾಕಬೇಡಿ, ಕಾಗದ ಹಳದಿಯಾಗುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡುವುದಂತೂ ಬೇಡವೇ ಬೇಡ. ಬೆನ್ನಿನ ಅಂಟು ಮೆತ್ತಗಾಗಿ ಹಾಳೆ ಕಳಚುತ್ತವೆ. ಬೇವಿನ ಎಲೆ ಇಡುವುದಾದರೆ ನೆರಳಲ್ಲಿ ಗರಿಗರಿ ಒಣಗಿಸಿ, ಕಾಗದದಲ್ಲಿ ಸುತ್ತಿ ಇಡಿ. ಹಸಿ ಎಲೆ ಇಟ್ಟರೆ ಕಲೆಯೂ ಆಗುತ್ತದೆ, ತೇವವೂ ಸೇರುತ್ತದೆ. ಬೇವು ಹುಳವನ್ನು ಸ್ವಲ್ಪ ದೂರ ಇಡುತ್ತದೆಯೇ ಹೊರತು ಕೊಲ್ಲುವುದಿಲ್ಲ. ಒಂದು ಪುಸ್ತಕಕ್ಕೆ ತೀರಾ ಹುಳ ಹತ್ತಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದ ಹಾಗೆ ಕಟ್ಟಿ ಎರಡು ವಾರ ಡೀಪ್ ಫ್ರೀಜರಿನಲ್ಲಿಡಿ. ಹೊರಗೆ ತೆಗೆದ ಮೇಲೂ ಒಂದು ದಿನ ಚೀಲ ಬಿಚ್ಚಬೇಡಿ, ಇಲ್ಲದಿದ್ದರೆ ತಂಪು ಪುಸ್ತಕದ ಮೇಲೆ ನೀರು ಹನಿಗಟ್ಟುತ್ತದೆ. ಹಾಂ, ಗೋಡೆ ಮೇಲೆ ಮಣ್ಣಿನ ಗೆರೆ ಕಂಡರೆ ಅದು ಒರಲಿ, ಅಂದರೆ ಗೆದ್ದಲು. ಅದಕ್ಕೆ ಈ ಯಾವ ಮದ್ದೂ ನಾಟುವುದಿಲ್ಲ. ಶಹಾಬಾದ್ ಕಲ್ಲಿನ ನೆಲ ಇದೆ ಅಂತ ಧೈರ್ಯ ಬೇಡ, ಅದು ಕಲ್ಲಿನ ಸಂದಿಯಿಂದಲೇ ಬರುತ್ತದೆ. ತಿಳಿದವರನ್ನು ಕರೆಸಿ.

ಇನ್ನು ನಿಮ್ಮ ಮನಸ್ಸಿನ ಹುಳದ ವಿಷಯಕ್ಕೆ ಬರೋಣ.

ಓದಲು ಟೈಮೇ ಸಿಗಲಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ. ನಿಮ್ಮ 9 ಪುಸ್ತಕ ಬಂದದ್ದು 2020ರ ಫೆಬ್ರವರಿ 5ರಿಂದ 7ರವರೆಗೆ ಗುಲಬರ್ಗಾ ವಿಶ್ವವಿದ್ಯಾಲಯದ ಆವರಣದಲ್ಲಿ ನಡೆದ 85ನೇ ಸಮ್ಮೇಳನದಿಂದ. ಮಳಿಗೆಗಳ ಮುಂದೆ ಕಾಲಿಡಲು ಜಾಗ ಇರಲಿಲ್ಲ, ಕೈಚೀಲ ತುಂಬಿಸಿಕೊಂಡು ಹೋದವರೇ ಎಲ್ಲ. ಒಂದು ತಿಂಗಳು ಕಳೆದು, ಮಾರ್ಚ್ 10ಕ್ಕೆ, ದೇಶದ ಮೊದಲ ಕೊರೊನಾ ಸಾವು ಇದೇ ಕಲಬುರಗಿಯವರದಾಯಿತು. ಆಮೇಲೆ ಲಾಕ್‌ಡೌನ್. ನಿಮಗೆ ಡ್ಯೂಟಿ ಇದ್ದಿರಬಹುದು, ಆದರೆ ಬಹಳ ಮಂದಿಗೆ ಹೊಸ ಪುಸ್ತಕವೂ ಇತ್ತು, ಬೇಕಾದಷ್ಟು ಸಮಯವೂ ಇತ್ತು. ಎಷ್ಟು ಜನ ಓದಿದರು? ಕೇಳಿ ನೋಡಿ. ಟಿವಿಯಲ್ಲಿ ಅಂಕಿ ಎಣಿಸುತ್ತಾ ಕೂತವರೇ ಜಾಸ್ತಿ. ಓದಿಗೆ ಗಡಿಯಾರ ಖಾಲಿ ಇದ್ದರೆ ಸಾಲದು, ತಲೆಯೂ ಖಾಲಿ ಇರಬೇಕು. ದಿನವಿಡೀ ಕಚೇರಿ, ಬಂದ ಮೇಲೆ ಅಡುಗೆ, ಈಗ ಬಾಣಂತಿಯ ಆರೈಕೆ. ರಾತ್ರಿ ಹತ್ತೂವರೆಗೆ ನಿಮ್ಮ ತಲೆಯಲ್ಲಿ ಜಾಗ ಎಲ್ಲಿದೆ?

ಹಾಗಾಗಿ ನನ್ನ ಮಾತು ಇದು: ನೀವು ಓದುವವರು ಹೌದು, ಆ ಪುಸ್ತಕಗಳೂ ಒಳ್ಳೆಯವೇ ಇರಬಹುದು, ಅವು ಕೂತ ಜಾಗ ಮಾತ್ರ ತಪ್ಪು. ಮಂಚದ ಪಕ್ಕ ಇರಬೇಕಾದ್ದು ಒಂದೇ ಪುಸ್ತಕ. ಅದೂ ಎಲ್ಲಿ ಬೇಕಾದರೂ ನಿಲ್ಲಿಸಬಹುದಾದ ಪುಸ್ತಕ. ನಾಲ್ಕು ವಚನ, ಒಂದು ಸಣ್ಣ ಹರಟೆ, ಎರಡು ಪುಟದ ಅನುಭವ ಬರಹ, ಹೀಗೆ. ಎರಡು ಪುಟಕ್ಕೆ ನಿದ್ದೆ ಬಂದರೆ ಬರಲಿ. ಫೋನ್ ನೋಡುತ್ತಾ ಹನ್ನೆರಡು ಗಂಟೆ ಮಾಡುವುದಕ್ಕಿಂತ ಅದು ಒಳ್ಳೆಯದೇ ಅಲ್ವಾ? ಆರುನೂರು ಪುಟದ ಕಾದಂಬರಿಯನ್ನು ದಿನಕ್ಕೆ ಎರಡು ಪುಟದ ಹಾಗೆ ಓದಿದರೆ ಮಾತ್ರ ಕೆಲಸ ಕೆಡುತ್ತದೆ. ಹತ್ತು ತಿಂಗಳು ಹಿಡಿಯುತ್ತದೆ, ನಡುವೆ ಯಾರು ಯಾರ ಮಗ ಅನ್ನೋದೇ ಮರೆತುಹೋಗುತ್ತದೆ.

ಇನ್ನೊಂದು ಸಣ್ಣ ಅನುಮಾನ. ನಿಮ್ಮ ಚಾಳೀಸಿನ ನಂಬರ್ ಕೊನೆಗೆ ಯಾವಾಗ ನೋಡಿಸಿದ್ದು? ನಲವತ್ತರಿಂದ ಅರವತ್ತರ ತನಕ ಅದು ಬದಲಾಗುತ್ತಲೇ ಇರುತ್ತದೆ. ಕಣ್ಣು ಎಳೆದು ಎಳೆದು ಓದಿದರೆ ಬೇಗ ದಣಿವಾಗುತ್ತದೆ, ನಾವು ಅದನ್ನು ನಿದ್ದೆ ಅಂದುಕೊಳ್ಳುತ್ತೇವೆ. ಸೂರಿನ ಟ್ಯೂಬ್‌ಲೈಟ್ ನಿಮ್ಮ ಬೆನ್ನ ಹಿಂದೆ ಇದ್ದರೆ ಪುಟದ ಮೇಲೆ ನಿಮ್ಮದೇ ತಲೆಯ ನೆರಳು ಬೀಳುತ್ತದೆ. ಪಕ್ಕದಿಂದ ಬೆಳಕು ಬರುವ ಹಾಗೆ ಒಂದು ಟೇಬಲ್ ಲ್ಯಾಂಪ್ ಇಡಿ. ಕೂಸಿಗೂ ತೊಂದರೆ ಇಲ್ಲ.

ಹಾಗಾದ್ರೆ ದೊಡ್ಡ ಪುಸ್ತಕ ಯಾವಾಗ ಓದಬೇಕು? ನಮ್ಮ ಭಾಗದ ಸರ್ಕಾರಿ ನೌಕರರಿಗೆ ಬೆಂಗಳೂರಿನವರಿಗೆ ಇಲ್ಲದ ಒಂದು ಅನುಕೂಲ ಇದೆ. ಬಿಸಿಲಿನ ಕಾರಣಕ್ಕೆ ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಕಚೇರಿ ಸಮಯ ಸಾಮಾನ್ಯವಾಗಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30 ಆಗುತ್ತದೆ. ಊಟ ಮಾಡಿ, ಸ್ವಲ್ಪ ಅಡ್ಡಾಗಿ ಎದ್ದರೂ ಮೂರು ಗಂಟೆ. ಹೊರಗೆ ಕಾಲಿಡಲು ಐದೂವರೆ ತನಕ ಸಾಧ್ಯವಿಲ್ಲ. ಯಾರೂ ಮನೆಗೆ ಬರುವುದೂ ಇಲ್ಲ. ನಮ್ಮೂರಲ್ಲಿ ಓದಿಗೆ ಇದಕ್ಕಿಂತ ಒಳ್ಳೇ ಹೊತ್ತು ನಾನು ಕಂಡಿಲ್ಲ. ಕೂಸು ಮಲಗಿದ ಒಂದು ಗಂಟೆ ಸಿಕ್ಕರೆ 20 ಪುಟ ಓದಬಹುದು. ಎರಡು ತಿಂಗಳಲ್ಲಿ 50 ದಿನ ಹಾಗೆ ಓದಿದರೆ 1000 ಪುಟ. ಅಂದರೆ 200 ಪುಟದ ಐದು ಪುಸ್ತಕ.

ಐದೇನಾ ಅಂತ ಬೇಸರ ಬೇಡ. ಇದು ನಿಜವಾದ ಲೆಕ್ಕ. ಉಳಿದ ಹತ್ತು ತಿಂಗಳಲ್ಲಿ ಇನ್ನೊಂದು ಐದು ಆದೀತು. ಅಲ್ಲಿಗೆ 23 ಪುಸ್ತಕ ಈ ವರ್ಷ ಮುಗಿಯುವುದಿಲ್ಲ ಅಂತ ಆಯಿತು. ಮುಗಿಯಬೇಕು ಅಂತಲೂ ಇಲ್ಲ. ಯಾಕೆ ಅಂತ ಹೇಳುತ್ತೇನೆ.

ಗ್ರಂಥಾಲಯದ ಕೆಲಸ ಕಲಿತವರೆಲ್ಲರಿಗೂ ಎಸ್.ಆರ್. ರಂಗನಾಥನ್ ಅವರ ಐದು ಸೂತ್ರಗಳು ಬಾಯಿಪಾಠ. 1931ರಲ್ಲಿ ಬಂದವು. ಅದರಲ್ಲಿ ಎರಡನೆಯದು, ಪ್ರತಿ ಓದುಗರಿಗೂ ಅವರ ಪುಸ್ತಕ ಸಿಗಬೇಕು. ಮೂರನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗರು ಸಿಗಬೇಕು. ಎರಡೂ ಒಂದೇ ಅಂತ ಕಾಣುತ್ತದೆ, ಆದರೆ ಅಲ್ಲ. ನಿಮ್ಮ ಸ್ಟೂಲಿನ ಮುಂದೆ ಕೂತು ಮೂರನೆಯ ಸೂತ್ರ ಹಿಡಿದು ಒಂದೊಂದೇ ಪುಸ್ತಕ ಎತ್ತಿ ಕೇಳಿ: ಇದನ್ನು ಓದುವವಳು ನಾನೇನಾ?

ಗೆಳತಿಯ ಪುಸ್ತಕ ಎತ್ತಿದಾಗ ಉತ್ತರ ಕೂಡಲೇ ಸಿಗುತ್ತದೆ. ಓದುವ ಮನಸ್ಸಿದ್ದರೆ ಈ ಬೇಸಿಗೆಯಲ್ಲಿ ಅದೇ ಮೊದಲು. ಇಲ್ಲದಿದ್ದರೆ ಈ ವಾರವೇ ವಾಪಸ್ ಕೊಡಿ, ಓದಲಾಗಲಿಲ್ಲ ಅಂತ ನೇರವಾಗಿ ಹೇಳಿ. ಕೊಟ್ಟವರು ಕೇಳಲು ಸಂಕೋಚ ಪಡುತ್ತಾರೆ, ಇಟ್ಟುಕೊಂಡವರು ಎದುರಾಗಲು ಸಂಕೋಚ ಪಡುತ್ತಾರೆ. ಒಂದು ಪುಸ್ತಕದ ದೆಸೆಯಿಂದ ಮಾತು ಕಡಿಮೆಯಾದ ಗೆಳೆತನಗಳನ್ನು ಬಹಳ ನೋಡಿದ್ದೇನೆ. ಲೈಬ್ರರಿಯ ಎರಡನ್ನೂ ಹಿಂದಿರುಗಿಸಿ. ದಂಡ ಎಷ್ಟಾಗಿದೆಯೋ ಅನ್ನೋ ಅಂಜಿಕೆಗೇ ಜನ ವರ್ಷಗಟ್ಟಲೆ ಇಟ್ಟುಕೊಳ್ಳುತ್ತಾರೆ. ಕೌಂಟರಿನಲ್ಲಿ ಕೂತವರಿಗೆ ನಿಮ್ಮ ದಂಡಕ್ಕಿಂತ ಪುಸ್ತಕ ವಾಪಸ್ ಬಂದದ್ದೇ ದೊಡ್ಡದು.

ಮಗನ ಗೈಡುಗಳು ಇಲ್ಲಿಗೆ ಬಂದದ್ದೇ ತಪ್ಪು. ಪರೀಕ್ಷೆ ಮುಗಿದಿದ್ದರೆ, ಸಿಲೆಬಸ್ ಬದಲಾಗಿದ್ದರೆ, ಅವು ರದ್ದಿಗೆ.

ಉರ್ದು ಪುಸ್ತಕದ ಮುಂದೆ ಸ್ವಲ್ಪ ನಿಲ್ಲಿ. ನೀವು ಉರ್ದು ಓದುವವರಲ್ಲ ಅಂದುಕೊಂಡು ಹೇಳುತ್ತಿದ್ದೇನೆ. ನಮ್ಮ ಭಾಗದಲ್ಲಿ 1948ರ ಪೊಲೀಸ್ ಆಕ್ಷನ್ ತನಕ ನಿಜಾಮರ ಆಳ್ವಿಕೆ. ಶಾಲೆ, ಕಚೇರಿ, ಕೋರ್ಟು ಬಹುತೇಕ ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ ಮಾತಾಡಿ, ವಚನ ಹೇಳಿ, ದಿನಚರಿ ಮಾತ್ರ ಉರ್ದುವಿನಲ್ಲಿ ಬರೆದ ಹಿರಿಯರು ಎಷ್ಟೋ ಮನೆಗಳಲ್ಲಿದ್ದರು. ಆ ಪುಸ್ತಕವನ್ನು ಬಲಗಡೆಯಿಂದ ತೆರೆಯಿರಿ. ಮೊದಲ ಖಾಲಿ ಹಾಳೆಯಲ್ಲಿ ಹೆಸರು, ಶಾಲೆಯ ಮೊಹರು, ಒಂದು ಇಸವಿ ಇರಬಹುದು. ಇಸವಿ 1350, 1355 ಅಂತ ಇದ್ದರೆ ಗಾಬರಿ ಬೇಡ, ಹದಿನಾಲ್ಕನೇ ಶತಮಾನದ್ದಲ್ಲ! ಅದು ಬಹುತೇಕ ಫಸಲಿ ವರ್ಷ, ನಿಜಾಮರ ಕಾಲದ ಕಂದಾಯ ಲೆಕ್ಕದ ಇಸವಿ. 590 ಕೂಡಿಸಿದರೆ ನಮ್ಮ ಇಸವಿ ಸಿಗುತ್ತದೆ. 1350 ಫಸಲಿ ಅಂದರೆ 1940-41. ಹಳೇ ಕಂದಾಯ ದಾಖಲೆ ನೋಡಿದ್ದರೆ ಈ ಲೆಕ್ಕ ನಿಮಗೆ ಗೊತ್ತಿರುತ್ತದೆ. ಓದಬಲ್ಲವರು ನಿಮ್ಮ ಕಚೇರಿಯಲ್ಲೇ, ಓಣಿಯಲ್ಲೇ ಇರುತ್ತಾರೆ. ಖಾಜಾ ಬಂದಾ ನವಾಜ್ ದರ್ಗಾದಲ್ಲಂತೂ ಉರ್ದು, ಪಾರ್ಸಿ, ಅರಬ್ಬಿ ಪುಸ್ತಕಗಳ ಹಳೇ ಸಂಗ್ರಹವೇ ಇದೆ. ಪುಸ್ತಕ ಏನು, ಅಂಚಿನಲ್ಲಿ ಮಾವನವರು ಏನಾದರೂ ಗೀಚಿದ್ದಾರಾ, ಓದಿಸಿ. ಅದನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಒಳಗಿಡಿ. ಇದನ್ನು ಯಾರಿಗೂ ಕೊಡಬೇಡಿ. ಓದದೆ ಇಟ್ಟುಕೊಳ್ಳಲು ಹಕ್ಕಿರುವ ಪುಸ್ತಕ ಇದು.

ಉಳಿದದ್ದು ಸಮ್ಮೇಳನದ 9 ಮತ್ತು ಬೇರೆ ಬೇರೆ ಕಡೆಯಿಂದ ಬಂದ ಕೆಲವು. ರಾಶಿಯ ಕಷ್ಟ ಏನಂದ್ರೆ, ರೊಟ್ಟಿ ಬುಟ್ಟಿಯಲ್ಲಿ ಬಿಸಿ ರೊಟ್ಟಿ ಮೇಲೆ ಬೀಳುತ್ತಾ ಹೋದ ಹಾಗೆ ಹೊಸದು ಮೇಲೆ ಬರುತ್ತದೆ, ತಳದ್ದು ಖಡಕ್ ಆಗುತ್ತದೆ. ತಳದ ಪುಸ್ತಕ ಬೇಕೆಂದರೆ ಮೇಲಿನವನ್ನೆಲ್ಲ ಇಳಿಸಬೇಕು. ಯಾರು ಇಳಿಸುತ್ತಾರೆ? ಅದಕ್ಕೆ ಪುಸ್ತಕಗಳನ್ನು ನಿಲ್ಲಿಸಿ ಇಡಿ, ಬೆನ್ನಿನ ಹೆಸರು ಕಾಣಬೇಕು. ಹಳೇ ಮನೆಯಾದರೆ ಗೋಡೆಯಲ್ಲಿ ಗೂಡು ಇರುತ್ತದೆ, ಗೋಡೆ ಒಣಗಿದ್ದರೆ ಅದೇ ಸಾಕು. ಓದುತ್ತಾ ಇರುವ ಪುಸ್ತಕವನ್ನು ಬೋರಲು ಹಾಕಿ ಮಲಗುವ ಅಭ್ಯಾಸ ಇದ್ದರೆ ಬಿಡಿ. ಈಗಿನ ಪುಸ್ತಕಗಳಿಗೆ ದಾರದ ಹೊಲಿಗೆ ಇರುವುದು ಕಡಿಮೆ, ಬರೀ ಅಂಟು. ಬೆನ್ನು ಒಮ್ಮೆ ಮುರಿದರೆ ಅದೇ ಜಾಗದಲ್ಲಿ ಹಾಳೆ ಉದುರಲು ಶುರುವಾಗುತ್ತದೆ.

ಇವುಗಳಲ್ಲಿ ಯಾವುದು ಮೊದಲು ಅಂದ್ರೆ, ತೆಳ್ಳಗಿನದು ಮೊದಲು. ಇದರಲ್ಲಿ ದೊಡ್ಡ ತತ್ವ ಏನಿಲ್ಲ. ಒಂದು ಮುಗಿದರೆ ಎರಡನೆಯದಕ್ಕೆ ಕೈ ಹೋಗುತ್ತದೆ. 50 ಪುಟ ಓದಿದ ಮೇಲೂ ಮುಂದೇನು ಅನ್ನೋ ಕುತೂಹಲ ಹುಟ್ಟದಿದ್ದರೆ ಮುಚ್ಚಿಡಿ. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೆ ಒತ್ತಿಕೊಳ್ಳುವ ಜನ ನಾವು. ಹಾಗಾಗಿ ಅರ್ಧಕ್ಕೆ ಬಿಟ್ಟರೆ ಸರಸ್ವತಿ ಸಿಟ್ಟಾಗುತ್ತಾಳೆ ಅನ್ನೋ ಭಯ. ಸಿಟ್ಟಾಗುವುದಿಲ್ಲ. ಹೆಚ್ಚೆಂದರೆ ಬರೆದವರಿಗೆ ಬೇಜಾರಾದೀತು, ಅವರಿಗೆ ಗೊತ್ತಾಗುವುದೂ ಇಲ್ಲ.

ಈಗ ನಿಮ್ಮ ಯಜಮಾನರು. ಖರ್ಚು ಮತ್ತು ಜಾಗದ ವಿಷಯದಲ್ಲಿ ಅವರ ಮಾತಿನಲ್ಲಿ ಅರ್ಧ ನ್ಯಾಯ ಇದೆ. ಆದರೆ "ಎಲ್ಲ ಮುಗಿಸಿ ಆಮೇಲೆ ತಾ" ಅನ್ನುವ ಷರತ್ತು ಓದನ್ನೇ ಕೊಲ್ಲುತ್ತದೆ. ಇವತ್ತು ಮನಸ್ಸಿಗೆ ಬೇಕಾದ ಪುಸ್ತಕ ಆ 23ರಲ್ಲಿ ಇಲ್ಲದೇ ಇರಬಹುದು. ಬೀದರಿನಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಗ್ರಂಥಾಲಯದಲ್ಲಿ ಸುಮಾರು 3000 ಹಸ್ತಪ್ರತಿಗಳಿದ್ದವು ಅಂತ ಹೇಳುತ್ತಾರೆ. ಮೊದಲು ಇವನ್ನು ಓದಿ ಮುಗಿಸು ಅಂತ ಗವಾನನಿಗೆ ಯಾರೂ ಹೇಳಿದಂತಿಲ್ಲ. ಯಜಮಾನರು ನಗದಿದ್ದರೆ ಹಣದ ಲೆಕ್ಕವನ್ನೇ ಹೇಳಿ. ನಮ್ಮ ಆಸ್ತಿ ತೆರಿಗೆಯ ಜೊತೆ 100 ರೂಪಾಯಿಗೆ 6 ರೂಪಾಯಿ ಗ್ರಂಥಾಲಯ ಕರ ಕಟ್ಟುತ್ತೇವೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದ ಕರ ಅದು. ಹೊಸ ಪುಸ್ತಕ ಬೇಕಾದಾಗ ಮೊದಲು ಲೈಬ್ರರಿಯಲ್ಲಿ ತೆಗೆದು ಓದಿ, ಮತ್ತೆ ಓದಬೇಕು ಅನಿಸಿದರೆ ಮಾತ್ರ ಕೊಳ್ಳಿ. ತಿಂಗಳಿಗೆ ಒಂದು ಅಂತ ಇಬ್ಬರೂ ಕೂತು ಮಾತಾಡಿಕೊಂಡರೆ ಜಗಳವೂ ಇಲ್ಲ.

ಇದನ್ನು ಓದುವವಳು ನಾನಲ್ಲ ಅಂತ ಅನಿಸಿದ ಪುಸ್ತಕಗಳು ಆರೇಳಾದರೂ ಹೊರಬೀಳುತ್ತವೆ. ಅವನ್ನು ನಿಮ್ಮ ಊರಿನ, ಅಂದರೆ ತವರೂರೋ ಗಂಡನ ಊರೋ, ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಕೊಡಿ. ಈಗ ಅದಕ್ಕೆ ಅರಿವು ಕೇಂದ್ರ ಅನ್ನುತ್ತಾರೆ. 2020ರಲ್ಲಿ 'ಓದುವ ಬೆಳಕು' ಶುರುವಾದ ಮೇಲೆ ಅಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಹಾಗಾಗಿ ಮಕ್ಕಳ ಕತೆ, ವಿಜ್ಞಾನ, ಜೀವನಚರಿತ್ರೆ ಇದ್ದರೆ ಮೊದಲು ಅವನ್ನು ಕೊಡಿ. ಹುಳ ಹತ್ತಿದ್ದು, ಹಳೇ ಗೈಡು, ಪುಟ ಹರಿದದ್ದು ಬೇಡ. ಒಂದು ಹುಳದ ಪುಸ್ತಕ ಇಡೀ ಕಪಾಟಿಗೆ ಹುಳ ಹತ್ತಿಸುತ್ತದೆ. ಮೊದಲು ಗ್ರಂಥಪಾಲಕರಿಗೆ ಫೋನ್ ಮಾಡಿ ಏನು ಬೇಕು ಅಂತ ಕೇಳಿ, ಸುಮ್ನೆ ಮೂಟೆ ಇಳಿಸಿ ಬರಬೇಡಿ.

ಕೊಡುವ ಮುಂಚೆ ಪ್ರತಿ ಪುಸ್ತಕವನ್ನೂ ಬೆನ್ನು ಹಿಡಿದು, ಬಾಯಿ ಕೆಳಗೆ ಮಾಡಿ, ಒಮ್ಮೆ ಮೆಲ್ಲಗೆ ಜಾಡಿಸಿ ನೋಡಿ. ಲೈಬ್ರರಿಗೆ ವಾಪಸ್ ಬಂದ ಪುಸ್ತಕಗಳಲ್ಲಿ ನನಗೆ ಬಸ್ ಟಿಕೆಟ್, ಕರೆಂಟ್ ಬಿಲ್ಲು, ಲಗ್ನಪತ್ರಿಕೆ, ರೇಷನ್ ಕಾರ್ಡಿನ ಜೆರಾಕ್ಸ್, ಯಾರದೋ ಜಾತಕ ಎಲ್ಲ ಸಿಕ್ಕಿವೆ. ನೂರರ ನೋಟೂ ಸಿಕ್ಕಿವೆ. ಯಜಮಾನರಿಗೆ ಕಾಣದ ಹಾಗೆ ನೀವು ಎಲ್ಲಿ ಏನು ಇಟ್ಟಿದ್ದೀರೋ, ನಿಮಗೇ ಗೊತ್ತು.